ಮ್ಯಾನಿಫೋಲ್ಡಿಗೆ ಕಟ್ಟಿದ ಮುಡಿಪು

ಬಾಗಲೂರಿನ ಆಚೆ ಒಂದು ಬಯಲಿನಲ್ಲಿ ಪ್ರತಿವರ್ಷ ದಸರಾ ಮುಗಿದ ಮೇಲೆ ಕಾರು ಸ್ಪರ್ಧೆ ನಡೆಯುತ್ತದೆ. ನೆಲದ ಮೇಲೆ ಕೆಂಪು ಕೋನುಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಯಾರು ಬೇಗ ಸುತ್ತಿ ಬರುತ್ತಾರೋ ಅವರು ಗೆದ್ದರು. ಈ ಸ್ಪರ್ಧೆಗೆ ನಾನು ಸೇರಿದಾಗಿನಿಂದ ಕೊನೆಯ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಸಹಕಾರನಗರದ ನಮ್ಮ ರಸ್ತೆಗೆಲ್ಲ ಗೊತ್ತು. ತಳ್ಳುಗಾಡಿಯ ತರಕಾರಿಯವನು ಕೂಡ "ಈ ಸಲಾನೂ ಲಾಸ್ಟಾ ಮೇಡಂ?" ಎಂದು ಕೇಳಿ, ಪಾಪ ಅಂತ ಕರಿಬೇವು ಜಾಸ್ತಿ ಹಾಕುತ್ತಾನೆ. ಅವನ ಕರಿಬೇವಿಗೇ ನನಗೆ ಹೆಚ್ಚು ಸಿಟ್ಟು.

ನನಗೆ ಗೆಲ್ಲುವ ಆಸೆ ಇರಲಿಲ್ಲ. ನನ್ನ ವಯಸ್ಸಿನ ಅರ್ಧದಷ್ಟಿರುವ ಹುಡುಗರು ಅಲ್ಲಿ ಜೀವದ ಹಂಗಿಲ್ಲದೆ ಓಡಿಸುತ್ತಾರೆ. ನನಗೆ ಬೇಕಾಗಿದ್ದು ಇಷ್ಟೇ: ಒಂದೇ ಒಂದು ಸಲ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು ಇರಬೇಕು.

ನನ್ನ ಕಾರು ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ದುಬೈನಿಂದ ಬಂದವರೊಬ್ಬರು ತಂದು, ಇಲ್ಲಿನ ಹಂಪುಗಳಿಗೆ ಹೆದರಿ ಮಾರಿದ್ದು. ಹಳೆಯದು. ಇದರ ಬಿಡಿಭಾಗ ಯಾವುದಕ್ಕೂ ಹೊರದೇಶದ ಕಡೆಗೇ ಕೈಚಾಚಬೇಕು. ಎಂಜಿನ್ ಏನಾದರೂ ಒಡೆದುಹೋದರೆ ಈ ದೇಶದಲ್ಲಿ ಇನ್ನೊಂದು ಸಿಗುವುದಿಲ್ಲ, ಕಾರು ಅಲ್ಲಿಗೆ ಮುಗಿದಂತೆ. ಅದಕ್ಕೇ ಇದರ ಹತ್ತಿರ ಯಾರು ಸುಳಿದರೂ ನಾನು ಕೂಗಾಡುತ್ತೇನೆ. ನನ್ನ ಗಂಡ ಶಿವರಾಮ್ ಇದರ ಬಾನೆಟ್ ಮೇಲೆ ಒಮ್ಮೆ ಹಾಲಿನ ಪ್ಯಾಕೆಟ್ ಇಟ್ಟು, ಆಮೇಲೆ ಒಂದು ವಾರ ಸ್ವತಃ ಕಾಫಿ ಮಾಡಿಕೊಂಡು ಕುಡಿದರು.

ಈ ಸಲ ಇಂಟೇಕ್ ಮ್ಯಾನಿಫೋಲ್ಡ್ ಬದಲಾಯಿಸಬೇಕೆಂದು ಮನಸ್ಸು ಮಾಡಿದೆ. ಮ್ಯಾನಿಫೋಲ್ಡ್ ಎಂದರೆ ಎಂಜಿನ್ನಿಗೆ ಉಸಿರು ಹಂಚುವ ಭಾಗ. ಒಂದು ಕಡೆ ಗಾಳಿ ಒಳಕ್ಕೆ ಬರುವ ದೊಡ್ಡ ಬಾಯಿ, ನಡುವೆ ಹೊಟ್ಟೆಯಂಥ ಟೊಳ್ಳು, ಇನ್ನೊಂದು ಕಡೆ ನಾಲ್ಕು ಸಿಲಿಂಡರಿಗೆ ನಾಲ್ಕು ಕೊಳವೆ. ಕಾರಿನ ಜೊತೆ ಬಂದದ್ದು ಉಬ್ಬಸದವರ ಹಾಗೆ ಉಸಿರಾಡುತ್ತಿತ್ತು.

ಯಾವುದು ತರಿಸಬೇಕು ಅನ್ನುವುದರ ಮೇಲೆ ನನಗೂ ಮುಬೀನನಿಗೂ ಜಗಳವೇ ಆಯಿತು. ಮುಬೀನ್ ಯಶವಂತಪುರದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೆಯ ಗೆಳೆಯ. ನಾನು ಯಲಹಂಕದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಸ್ವಭಾವವೂ ಅದೇ ಅನ್ನುತ್ತಾರೆ ಶಿವರಾಮ್.

"ಗಿಡ್ಡ ಕೊಳವೆದು ತಗೊಳ್ಳಿ ಅಕ್ಕ," ಅಂದ ಮುಬೀನ್, ಫೋನಿನಲ್ಲಿ ಫಳಫಳ ಹೊಳೆಯುವ ಚಿತ್ರ ತೋರಿಸಿ. "ಸೌಂಡ್ ಕೇಳಿ ಒಂದ್ಸಲ. ಹುಲಿ ಕಣಕ್ಕ, ಹುಲಿ!"

"ಹುಲಿ ಕೂಗೋದು ಯಾವಾಗ? ಎಂಜಿನ್ ನಿಮಿಷಕ್ಕೆ ಆರೇಳು ಸಾವಿರ ಸುತ್ತಿದಾಗ. ಆ ಕೋನುಗಳ ಮಧ್ಯೆ ನನ್ನ ಮೀಟರಿನ ಮುಳ್ಳು ಅಲ್ಲಿಗೆ ಹೋಗೋದೇ ಇಲ್ಲ."

ಹೋದ ವರ್ಷದ ಓಟವನ್ನು ಡ್ಯಾಶ್‌ಬೋರ್ಡಿಗೆ ಫೋನ್ ಸಿಕ್ಕಿಸಿ ರೆಕಾರ್ಡ್ ಮಾಡಿದ್ದೆ. ಅದನ್ನು ಅವನಿಗೆ ತೋರಿಸಿದೆ. ಮುಳ್ಳು ಮೂರು ಸಾವಿರದಿಂದ ಐದು ಸಾವಿರದ ನಡುವೆಯೇ ಹೊಯ್ದಾಡುತ್ತಿತ್ತು. ಪ್ರತಿ ತಿರುವಿನಿಂದ ಹೊರಬರುವಾಗ ಕಾರು ಏದುಸಿರು ಬಿಡುತ್ತಿತ್ತು. ನನಗೆ ಬಲ ಬೇಕಾಗಿದ್ದು ಆ ನಡುವಿನಲ್ಲಿ, ಅದಕ್ಕೆ ಉದ್ದ ಕೊಳವೆಯದೇ ಸರಿ. ಗಾಳಿ ಉದ್ದಕ್ಕೆ ಓಡಿ ಬಂದರೆ ಅದೇ ರಭಸದಲ್ಲಿ ಸಿಲಿಂಡರಿಗೆ ನುಗ್ಗುತ್ತದೆ. ಮುಬೀನ್ ಮುಖ ಸಣ್ಣ ಮಾಡಿಕೊಂಡು ಕೂತ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ದ್ರೌಪದಮ್ಮ ಅಷ್ಟೊತ್ತೂ ಕೇಳಿಸಿಕೊಳ್ಳುತ್ತಿದ್ದರು. "ಅಲ್ಲ ಕಣಪ್ಪ ಮುಬೀನು, ಒಲೆ ಊದೋ ಕೊಳವೆ ಗೇಣುದ್ದ ಇದ್ರೆ ಬೆಂಕಿ ಅತ್ತೀತಾ? ಉದ್ದ ಇದ್ರೇನೆ ಊದಿದ್ದು ನೆಟ್ಟಗೆ ಓಗೋದು," ಅಂದರು.

"ನೀವೂ ಅಕ್ಕನ ಕಡೇನೇನಾ ಅಮ್ಮ!" ಅಂದ ಅವನು, ನಕ್ಕು ಸೋತ. ಉದ್ದ ಕೊಳವೆಯದನ್ನೇ ತರಿಸಿದೆವು.

ನಮ್ಮತ್ತೆ ಬಾಗಲೂರಿನ ಮಗಳು, ಕೊಡಿಗೇಹಳ್ಳಿಯ ಸೊಸೆ. ಕೊಡಿಗೇಹಳ್ಳಿ ಹಳ್ಳಿಯಾಗಿದ್ದಾಗ ಬಂದವರು, ಅದು ಪಟ್ಟಣವಾದ ಮೇಲೂ ಮಾತು ಬದಲಾಯಿಸಿಕೊಳ್ಳಲಿಲ್ಲ. ಮನೆಯಲ್ಲಿ ನನ್ನ ಕೂಗಾಟಕ್ಕೆ ಹೆದರದೆ ಇರುವವರು ಅವರೊಬ್ಬರೇ ಅಂದುಕೊಂಡಿದ್ದೆ. ಕಾರಿನ ವಿಷಯದಲ್ಲಿ ಮಾತ್ರ ಅವರೂ ದೂರವೇ ನಿಲ್ಲುತ್ತಿದ್ದರು. ಬೆಳಿಗ್ಗೆ ನಾನು ಕಾರು ಒರೆಸುವಾಗ ಜಗಲಿಯಿಂದಲೇ ನೋಡುತ್ತಿದ್ದರು. ಭಾರ ಇಳಿಸಬೇಕೆಂದು ಪಕ್ಕದ ಸೀಟನ್ನು ಬಿಚ್ಚಿ ಮಹಡಿಯ ಕೋಣೆಗೆ ಸಾಗಿಸಿದ ದಿನ "ಅಯ್ಯೋ, ಚೆಂದಾಗಿತ್ತಲ್ಲಮ್ಮ," ಅಂದಿದ್ದರು, ಅಷ್ಟೇ.

ಹೊಸ ಮ್ಯಾನಿಫೋಲ್ಡ್ ಆಯುಧಪೂಜೆಯ ಹಿಂದಿನ ದಿನ ಬಂತು. ಅದನ್ನು ತೊಳೆದು, ಗಾಳಿ ಹೊಡೆದು, ಟಾರ್ಚ್ ಬಿಟ್ಟು ಒಳಗೆಲ್ಲ ನೋಡಿದೆ. ಲೋಹದ ಒಂದು ಚೂರೂ ಇರಲಿಲ್ಲ. ಧೂಳು ಕೂರದಂತೆ ಎಲ್ಲ ಬಾಯಿಗಳಿಗೂ ಟೇಪು ಅಂಟಿಸಿದೆ.

ಮನೆಗೆ ಹೊಸ ಆಯುಧ ಬಂದಿದೆ ಎಂದಮೇಲೆ ಅತ್ತೆ ಬಿಡುತ್ತಾರೆಯೇ? ಪೂಜೆಯ ದಿನ ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ, ಬೋರ್‌ವೆಲ್ಲಿನ ಸ್ವಿಚ್ಚು, ತೆಂಗಿನಕಾಯಿ ಸುಲಿಯುವ ಮಚ್ಚು ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಮ್ಯಾನಿಫೋಲ್ಡನ್ನು ದೇವರ ಮನೆಯಲ್ಲಿ ಮಣೆಯ ಮೇಲೆ ಇಟ್ಟು ಚೆಂಡುಹೂವು ಮುಡಿಸಿದರು. ಕುಂಬಳಕಾಯಿ ತರಲು ನಾನು ಹೆಬ್ಬಾಳದ ಕಡೆ ಹೋಗಿದ್ದೆ. ವಾಪಸ್ಸು ಬಂದಾಗ ಅದು ಮದುವಣಗಿತ್ತಿಯ ಹಾಗೆ ಕೂತಿತ್ತು. ಅಲ್ಯೂಮಿನಿಯಂಗೆ ಕುಂಕುಮದ ಕಲೆ ಹಿಡಿಯುತ್ತದೆ ಎಂದು ನಾನು ಗೊಣಗಿದೆ. ಅತ್ತೆ ಕೇಳಿಸದವರಂತೆ ಆರತಿ ಮಾಡಿದರು.

ವಿಜಯದಶಮಿಯ ರಜಾಕ್ಕೆ ಮುಬೀನ್ ಬಂದ. ಬ್ಯಾಟರಿ ಬಿಡಿಸಿ, ಪೆಟ್ರೋಲ್ ಪೈಪಿನ ಒತ್ತಡ ಇಳಿಸಿ, ಹಳೆಯದರ ಬೋಲ್ಟುಗಳ ಜೊತೆ ಗುದ್ದಾಡಿದೆವು. ಕೆಳಗಡೆಯ ಒಂದು ಬೋಲ್ಟು ಕೈಗೂ ಸಿಗದೆ ಕಣ್ಣಿಗೂ ಕಾಣದೆ ಇಬ್ಬರ ಬಾಯಿಂದಲೂ ಹಬ್ಬದ ದಿನ ಆಡಬಾರದ ಮಾತು ಆಡಿಸಿತು. ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆದು, ಹೊಸದನ್ನು ಕೂರಿಸಿ, ಮ್ಯಾನಿಫೋಲ್ಡಿನ ಕುಂಕುಮ ಒರೆಸಿ, ಟೇಪು ಕಿತ್ತು ಅದರ ಜಾಗಕ್ಕೆ ಹಿಡಿದೆವು. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋಗಬೇಕು. ಒಂದೇ ಸಲ ಬಿಗಿದರೆ ಗ್ಯಾಸ್ಕೆಟ್ ಸೊಟ್ಟಗಾಗಿ ಗಾಳಿ ಸೋರುತ್ತದೆ. ಇಂಜೆಕ್ಟರುಗಳು, ಸಣ್ಣಪುಟ್ಟ ಗಾಳಿ ಪೈಪುಗಳು, ಕೊನೆಗೆ ದೊಡ್ಡ ಬಾಯಿಗೆ, ಗಾಳಿಗೆ ಕದದಂತಿರುವ ಥ್ರಾಟಲ್ ಕೂರಿಸಿದೆವು. ಊಟದ ಹೊತ್ತಿಗೆ ಎಲ್ಲ ಮುಗಿಯಿತು.

ಕೀಲಿ ತೆಗೆದುಕೊಂಡು ಕಾರಿನಲ್ಲಿ ಕೂತೆ. ಖುಷಿ ಎಷ್ಟಿತ್ತೆಂದರೆ, ಯಾರನ್ನೂ ಹತ್ತಿರ ಸೇರಿಸದ ನಾನೇ "ಬನ್ನಿ ಅತ್ತೆ, ನೋಡಿ ಬನ್ನಿ!" ಎಂದು ಕರೆದೆ. ಅವರು ಬಾನೆಟ್ ಪಕ್ಕ ಬಂದು ನಿಂತರು. ತೆರೆದ ಕಿಟಕಿಯಿಂದ ಕೈಚಾಚಿ ತೋರಿಸುತ್ತ ವಿವರಿಸಿದೆ. "ಇದು ಈಗ ಉಸಿರು ಎಳ್ಕೊಳುತ್ತೆ ಅತ್ತೆ. ಎಂಥಾ ಎಳೆತ ಅಂತೀರಿ! ಆ ಹೊಟ್ಟೆ ಒಳಗಿರೋದೆಲ್ಲ ಸರ್ ಅಂತ ಎಂಜಿನ್ನಿಗೆ ಹೋಗುತ್ತೆ."

"ಎಲ್ಲಾನುವಾ?"

"ಎಲ್ಲಾನೂ."

ನಾನು ಕೀಲಿ ಸಿಕ್ಕಿಸಿದೆ.

"ಬಟ್ಟೆ ಇದ್ರೂನುವಾ ಶಶಿ?"

ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಎರಡೂ ಕೈಯಿಂದ ಬಾನೆಟ್ಟಿನ ಅಂಚು ಹಿಡಿದುಕೊಂಡಿದ್ದರು. ನಾನು ಕೈ ಹಿಂದಕ್ಕೆ ತೆಗೆದೆ.

"ಯಾವ ಬಟ್ಟೆ ಅತ್ತೆ?"

"ತಿರುಗಿಸ್ಬೇಡ ಕಣಮ್ಮ. ನಿನ್ ದಮ್ಮಯ್ಯ, ತಿರುಗಿಸ್ಬೇಡ. ನಾನು ಮುಡಿಪು ಕಟ್ಟಿ ಅದ್ರ ಒಳಗಿಟ್ಟಿವ್ನಿ."

ಮುಡಿಪು ಎಂದರೆ ಹರಕೆಯ ಗಂಟು. ಅರಿಶಿನದ ಬಟ್ಟೆಯಲ್ಲಿ ಒಂದಿಷ್ಟು ಅಕ್ಕಿ, ಒಂದು ನಾಣ್ಯ ಇಟ್ಟು, ಮನಸ್ಸಿನಲ್ಲಿರುವುದನ್ನು ಬೇಡಿಕೊಂಡು ಕಟ್ಟಿಡುತ್ತಾರೆ. ಬೇಡಿದ್ದು ಆದಮೇಲೆ ದೇವರಿಗೆ ಒಪ್ಪಿಸುತ್ತಾರೆ. ಅಲ್ಲಿಯವರೆಗೆ ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಫಲಿಸುವುದಿಲ್ಲ ಎನ್ನುವುದು ನಮ್ಮತ್ತೆಯ ನಂಬಿಕೆ. ದೇವರ ಮನೆಯಲ್ಲಿ ಇಟ್ಟರೆ ಯಾರಾದರೂ ನೋಡಿ ಕೇಳುತ್ತಾರೆ. ಮ್ಯಾನಿಫೋಲ್ಡೋ, ಹೊಸ ಪಾತ್ರೆಯ ಹಾಗೆ ಟೊಳ್ಳಾಗಿ ಕೂತಿತ್ತು, ಹೊಸ ಪಾತ್ರೆಯನ್ನು ಖಾಲಿ ಇಡಬಾರದು ಬೇರೆ. ದೊಡ್ಡ ಬಾಯಿಯ ಟೇಪು ಬಿಡಿಸಿ, ಗಂಟನ್ನು ಅಲುಗಾಡದಂತೆ ಮೂಲೆಗೆ ಒತ್ತರಿಸಿ, ಟೇಪನ್ನು ಮೊದಲಿನ ಹಾಗೇ ಅಂಟಿಸಿದ್ದರು. ಅಷ್ಟು ನಾಜೂಕಾಗಿ ಅಂಟಿಸಿದ್ದರಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಮೇಡಂಗೆ ಅನುಮಾನ ಬರಲಿಲ್ಲ. ಒಮ್ಮೆ ನೋಡಿದ್ದನ್ನು ಮತ್ತೆ ನೋಡುವ ದರ್ದೇನು ಎಂದು ಮೇಡಂ ಟಾರ್ಚನ್ನೂ ಬಿಡಲಿಲ್ಲ.

ಕೀಲಿ ತಿರುಗಿಸಿದ್ದರೆ ಬಟ್ಟೆ ಹರಿದು, ಅಕ್ಕಿ ಚೆಲ್ಲಿ, ಆ ನಾಣ್ಯ ವಾಲ್ವಿನ ಸಂದಿಗೆ ಬಿದ್ದು ಎಂಜಿನ್ ಅಲ್ಲೇ ಪುಡಿಯಾಗುತ್ತಿತ್ತು. ಕೂಗಾಡಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ, ಏಕೆಂದರೆ ಅತ್ತೆಯ ಕಣ್ಣಲ್ಲಿ ನೀರಿತ್ತು. ನಾನು ರೇಗುತ್ತೇನೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಹರಕೆ ಹಾಳಾಗುತ್ತದೆ ಎಂದೂ ಗೊತ್ತಿತ್ತು. ಸುಮ್ಮನಿದ್ದಿದ್ದರೆ ಅವರ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೂ ಹೇಳಿದರು.

ಮುಬೀನ್ ಆಗಲೇ ಥ್ರಾಟಲ್ ಬಿಚ್ಚುತ್ತಿದ್ದ. ಟಾರ್ಚ್ ಬಿಟ್ಟರೆ ಹೊಟ್ಟೆಯ ಆ ತುದಿಯಲ್ಲಿ, ನಾಲ್ಕನೇ ಕೊಳವೆಯ ಬಾಯಲ್ಲೇ ಹಳದಿ ಗಂಟು ಕಂಡಿತು. ತಂತಿ ಬಗ್ಗಿಸಿ ಎಳೆಯಲು ನೋಡಿದ. ಗಂಟು ಕೊಳವೆಯ ಕಡೆಗೇ ಜಾರಿತು.

"ಬೇಡಕ್ಕ, ತಂತಿ ಚುಚ್ಚಿ ಬಟ್ಟೆ ಹರಿದ್ರೆ ಅಕ್ಕಿ ಎಲ್ಲಾ ಒಳಗೆ," ಅಂದ. ತನ್ನ ಕೈ ಹಾಕಿ ನೋಡಿದ, ಹೆಬ್ಬೆರಳಿನ ಬುಡದಲ್ಲೇ ಸಿಕ್ಕಿಕೊಂಡಿತು. ನನ್ನದೂ ಅಷ್ಟೇ. ಮ್ಯಾನಿಫೋಲ್ಡನ್ನೇ ಮತ್ತೆ ಬಿಚ್ಚೋಣವೆಂದರೆ ಒಮ್ಮೆ ಅದುಮಿದ ಗ್ಯಾಸ್ಕೆಟ್ ಇನ್ನೊಮ್ಮೆ ಕೂರುವುದಿಲ್ಲ. ಇನ್ನೊಂದು ಬರಬೇಕೆಂದರೆ ಭಾನುವಾರದ ಸ್ಪರ್ಧೆಯ ಕಥೆ ಮುಗಿದಂತೆ.

"ಸರ್ಕೊಳ್ರಿ ಇಬ್ರೂನು," ಅಂದರು ಅತ್ತೆ. "ಇಟ್ಟೋಳು ನಾನು, ತೆಗೆಯೋಕೆ ನನಗಾಗಲ್ವಾ?"

ಜಗಲಿಯ ಮೇಲೆ ಕೂತು ಬಳೆ ಒಂದೊಂದಾಗಿ ತೆಗೆದರು. ಅತ್ತೆಯ ಕೈಗೆ ಎರಡು-ನಾಲ್ಕರ ಬಳೆ, ಅಂಗಡಿಯವರು ಮಕ್ಕಳ ಸಾಲಿನ ಪಕ್ಕದಿಂದ ತೆಗೆದುಕೊಡುವ ಅಳತೆ. ನನ್ನದು ಎರಡು-ಎಂಟು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಬಳೆಗಾರನ ಮುಂದೆ ಕೂತಾಗ ಮಾಡುವ ಹಾಗೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದರು. ಕೈ ಆ ಬಾಯಿಯೊಳಗೆ ನುಸುಳಿ ಮೊಣಕೈವರೆಗೂ ಹೋಯಿತು. ಕಣ್ಣು ಮುಚ್ಚಿಕೊಂಡು ತಡಕಾಡಿದರು. ಮುಬೀನ್ ಬಾಯಲ್ಲೇ ಏನೋ ಪ್ರಾರ್ಥಿಸುತ್ತಿದ್ದ. ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಗಂಟು ಹೊರಗೆ ಬಂತು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ನಾನು ಅದಕ್ಕೆ ಕೈ ಚಾಚಿದೆ. "ಬಿಚ್ಚಿ ನೋಡ್ಬೇಕು ಅತ್ತೆ. ಒಂದು ಕಾಳು ಉದುರಿದ್ರೂ ಕಷ್ಟ."

ಅವರು ಗಂಟನ್ನು ಸೆರಗಿನ ಮರೆಗೆ ಎಳೆದುಕೊಂಡರು. "ಬಿಚ್ಬಾರ್ದು. ಎಲ್ಲಿಟ್ಟೆ ಅಂತ ಏಳ್ದೆ. ಏನಕ್ಕೆ ಕಟ್ಟಿದೆ ಅಂತ ಇನ್ನೂ ಏಳಿಲ್ಲ. ಅಷ್ಟಾದ್ರೂ ಉಳ್ಕಳ್ಳಿ. ಮೂರು ಗಂಟು ಆಕಿವ್ನಿ ಶಶಿ, ಒಂದ್ ಕಾಳೂ ಉದುರಿಲ್ಲ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಬಿಡುತ್ತಿರಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ತಂದು ಒಳಗೆಲ್ಲ ಎಳೆಸಿದೆ, ಎಣ್ಣೆಯ ಪಸೆ ಒರೆಸಿದೆ, ಟಾರ್ಚ್ ಬಿಟ್ಟು ಒಂದೊಂದು ಕೊಳವೆಯನ್ನೂ ನೋಡಿದೆ. ಏನೂ ಇರಲಿಲ್ಲ. ಗಂಟನ್ನು ಮಾತ್ರ ಬಿಚ್ಚಿಸಲಿಲ್ಲ. ಅವರ ಮಾತೇ ಸಾಕು ಅನ್ನಿಸಿತು.

ಥ್ರಾಟಲ್ ಮತ್ತೆ ಕೂರಿಸಿ ಕೀಲಿ ತಿರುಗಿಸಿದೆ. ಎಂಜಿನ್ ಒಮ್ಮೆ ತಡವರಿಸಿ ಹೊತ್ತಿಕೊಂಡಿತು. ಹಳೆಯ ಉಬ್ಬಸ ಇಲ್ಲ, ಒಂದೇ ಸಮನೆ ತುಂಬು ಉಸಿರು. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಇಳಿದು ಹೋಗಿ, ಗ್ರೀಸ್ ಮೆತ್ತಿದ ಕೈಯಲ್ಲೇ ಅತ್ತೆಯ ಎಣ್ಣೆಯ ಕೈ ಹಿಡಿದುಕೊಂಡೆ.

"ನೀವು ಹೇಳದೆ ಇದ್ದಿದ್ರೆ ನನ್ನ ಕಾರು ಇವತ್ತಿಗೆ ಇರ್ತಿರ್ಲಿಲ್ಲ ಅತ್ತೆ."

"ನಾನ್ ಇಡದೆ ಇದ್ದಿದ್ರೆ ಏಳೋ ಅಂಗೂ ಇರ್ತಿರ್ಲಿಲ್ಲ," ಅಂದರು ಅವರು, ಮೂಗು ಒರೆಸಿಕೊಳ್ಳುತ್ತ. ಮುಬೀನ್ ಬಿದ್ದು ಬಿದ್ದು ನಕ್ಕ.

ನಾನು ಕೊನೆಯವಳಾಗಬಾರದೆಂದೇ ಈ ಹರಕೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನಗೋಸ್ಕರ ಹರಕೆ ಹೊತ್ತು, ನನ್ನ ಕಾರಿಗೋಸ್ಕರ ಅದನ್ನೇ ಪಣಕ್ಕಿಟ್ಟವರು. ಅಂಥವರು ಒಮ್ಮೆಯೂ ನನ್ನ ಓಟ ನೋಡಿಲ್ಲವಲ್ಲ ಅನ್ನಿಸಿತು. ಶಿವರಾಮ್ ಸ್ಕೂಟರಿನಲ್ಲಿ ಅವರನ್ನು ಅಷ್ಟು ದೂರ ಬಿಸಿಲಲ್ಲಿ ಕರೆತರುವುದು ಆಗದ ಮಾತು. ಶನಿವಾರ ಮಹಡಿಯಿಂದ ಪಕ್ಕದ ಸೀಟನ್ನು ಇಳಿಸಿ ಮತ್ತೆ ಕಾರಿಗೆ ಬಿಗಿದೆ.

ಫೋನಿನಲ್ಲಿ ಕೇಳಿ ಮುಬೀನ್ ಹೌಹಾರಿದ. "ಅಕ್ಕ, ಇಷ್ಟು ಕಷ್ಟಪಟ್ಟು ಮ್ಯಾನಿಫೋಲ್ಡ್ ಹಾಕಿದ್ದು ಆ ಸೀಟ್ ಹೊರೋಕಾ? ಅಲ್ಲಿಗೆ ಹೋದ್ಮೇಲಾದ್ರೂ ಬಿಚ್ಚಿಡಿ."

"ಬಿಚ್ಚಲ್ಲ. ವಾಪಸ್ಸು ಅವರೇನು ನಡ್ಕೊಂಡು ಬರ್ತಾರಾ?"

"ಲಾಸ್ಟ್ ಬಂದ್ರೆ ನನ್ನ ಬೈಬೇಡಿ ಮತ್ತೆ."

ಭಾನುವಾರ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆಯುಟ್ಟು ತಯಾರಾಗಿದ್ದರು. ಧೂಳಿನ ಮೈದಾನಕ್ಕೆ ರೇಷ್ಮೆ ಯಾಕೆ ಎಂದರೆ ಸೆರಗು ಸರಿಮಾಡಿಕೊಂಡು ಕಾರಿನ ಕಡೆ ನಡೆದರು. ಸೀಟು ನೆಲಮಟ್ಟದಲ್ಲಿದ್ದುದರಿಂದ ಅವರನ್ನು ಕೂರಿಸುವುದೇ ಒಂದು ಸಾಹಸವಾಯಿತು. ಶಿವರಾಮ್ ಆ ಕಡೆಯಿಂದ, ನಾನು ಈ ಕಡೆಯಿಂದ ಹಿಡಿದೆವು. ಕಾರಿನ ಕ್ಯಾನ್ವಾಸ್ ಟಾಪನ್ನು ಹಿಂದಕ್ಕೆ ಮಡಚಿದೆ. ಗೇಟು ದಾಟಿ ರಸ್ತೆಗಿಳಿದಾಗ ತರಕಾರಿಯವನು ಗಾಡಿ ನಿಲ್ಲಿಸಿ ಬಾಯಿಬಿಟ್ಟು ನೋಡಿದ. ಅತ್ತೆ ಅವನಿಗೆ ಕೈ ಬೀಸಿದರು. ಮುಡಿಪು ಅವರ ಮಡಿಲಲ್ಲಿತ್ತು. ಬಾಗಲೂರು ಮೇನ್ ರೋಡಿನವರೆಗೂ ನೆಟ್ಟಗೆ ಕೂತಿದ್ದರು. ಹೆದರಿದ್ದಾರೇನೋ ಎಂದು ನಾನು ನಿಧಾನ ಮಾಡಿದರೆ "ಯಾಕೆ, ಪೆಟ್ರೋಲ್ ಮುಗೀತಾ?" ಅಂದರು.

ಮೈದಾನದಲ್ಲಿ ಅತ್ತೆಯನ್ನು ಇಳಿಸಿ ಮುಬೀನನ ಪಕ್ಕ ನೆರಳಲ್ಲಿ ಕೂರಿಸಿದೆ. ಓಟದಲ್ಲಿ ಹೆಚ್ಚು ಹೇಳುವಂಥದ್ದೇನೂ ನಡೆಯಲಿಲ್ಲ, ನಡೆದದ್ದೆಲ್ಲ ಕಾಲಿನ ಕೆಳಗೆ. ಮೊದಲ ತಿರುವಿನಿಂದ ಹೊರಬರುತ್ತ ಪೆಡಲ್ ಒತ್ತಿದೆ, ಕಾರು ಕಾಯದೆ ಹೊರಟಿತು. ಎರಡನೇ ತಿರುವಿನಲ್ಲೂ ಹಾಗೇ. ಹೋದ ವರ್ಷ ಎಲ್ಲೆಲ್ಲಿ ಏದುಸಿರು ಬಿಟ್ಟಿತ್ತೋ ಅಲ್ಲೆಲ್ಲ ಈಗ ಬೆನ್ನನ್ನು ಸೀಟಿಗೆ ಒತ್ತುತ್ತಿತ್ತು. ಖಾಲಿ ಸೀಟು ಪಕ್ಕದಲ್ಲಿ ಗಡಗಡ ಅಂದಿತು, ಅನ್ನಲಿ ಅಂದುಕೊಂಡೆ. ಪಟ್ಟಿ ಹಾಕಿದಾಗ ನೋಡುವ ಧೈರ್ಯ ಬರಲಿಲ್ಲ. ಮುಬೀನ್ ನೋಡಿ ಬಂದು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಕೊನೆಯಿಂದ ಮೂರನೆಯವಳು! ನನ್ನ ಕೆಳಗೆ ಎರಡು ಹೆಸರು, ಎರಡೂ ಗಡ್ಡ ಬಿಟ್ಟ ಹುಡುಗರದ್ದು. ಗೆದ್ದವನು ಕೂಡ ಅಷ್ಟು ಕುಣಿದಿರಲಿಕ್ಕಿಲ್ಲ.

ಬಾಗಲೂರಿನಲ್ಲಿ ಅತ್ತೆಯ ತವರಿನವರು ನಡೆದುಕೊಳ್ಳುವ ಮುನೇಶ್ವರನ ಗುಡಿಯಿದೆ, ಅರಳಿಮರದ ಬುಡದಲ್ಲಿ. ಹಿಂದಿರುಗುವಾಗ ಕಾರನ್ನು ನೇರ ಅಲ್ಲಿಗೇ ತಂದು ನಿಲ್ಲಿಸಿದೆ.

"ಇಳೀರಿ ಅತ್ತೆ, ಮುಡಿಪು ಒಪ್ಪಿಸಿಬಿಡಿ. ನಿಮ್ಮ ಹರಕೆ ಫಲಿಸ್ತು. ಹೇಳಿದ್ರೂ ಫಲಿಸ್ತು ನೋಡಿ! ನಾನು ಲಾಸ್ಟ್ ಬರಲಿಲ್ಲ."

ಅತ್ತೆ ಗಂಟನ್ನು ಕೈಗೆತ್ತಿಕೊಂಡು ನನ್ನ ಮುಖ ನೋಡಿದರು.

"ಅದಕ್ಕಲ್ಲ ಕಣಮ್ಮ ನಾನ್ ಕಟ್ಟಿದ್ದು. ಲಾಸ್ಟ್ ಬಂದ್ರೇನಂತೆ, ಯಾರಾದ್ರೂ ಒಬ್ರು ಬರ್ಲೇಬೇಕಲ್ಲ. ನಾನ್ ಕಟ್ಟಿದ್ದು ಬೆಳಗ್ಗೇನೇ ಆಗೋಯ್ತು."

"ಬೆಳಿಗ್ಗೆನಾ? ಬೆಳಿಗ್ಗೆ ನಾನಿನ್ನೂ ಓಟಕ್ಕೇ ಇಳಿದಿರಲಿಲ್ಲ."

ಅವರು ಕೂತಿದ್ದ ಸೀಟಿನ ಅಂಚನ್ನು ಮೆಲ್ಲಗೆ ಸವರಿದರು.

"ನನ್ನೂ ಒಂದ್ ಸಲ ಇದ್ರಲ್ಲಿ ಕೂರಿಸ್ಕಂಡು ಓಗು ಅಂತ ನಿನ್ನ ಕೇಳೋಕೆ ಬಾಯಿ ಬರ್ಲಿಲ್ಲ ಕಣಮ್ಮ. ಅದಕ್ಕೇಯ ಈ ಮುನೇಸ್ವರನ್ನ ಕೇಳ್ಕಂಡೆ."